13ರ ಸ್ಪ್ಯಾನರು, 4 ರಿಮೋಟು

ಹೋದ ವರ್ಷ ಆಯುಧ ಪೂಜೆಗೆ ಅಂತ ಅರಸೀಕೆರೆಗೆ, ನಮ್ಮೂರಿಗೆ, ಹೋಗಿದ್ದೆ. ಮನೆಗೆ ಬಂದು ನೋಡಿದ್ರೆ ಹಾಲ್‌ನಲ್ಲಿದ್ದ ಟಿವಿ ಮೇಲೆ ಹಳೇ ಸೀರೆಯ ತುಂಡೊಂದನ್ನ ಹೊದಿಸಿಟ್ಟಿದ್ರು. ಅಪ್ಪ ಜಗುಲಿ ಮೇಲೆ ಕೂತು ಪೇಪರ್ ಓದ್ತಾ ಇದ್ರು. ಸಂಜೆ ಏಳೂವರೆಗೆ ನಮ್ಮಪ್ಪ ನ್ಯೂಸ್ ಬಿಟ್ಟು ಬೆಳಗ್ಗೆಯ ಪೇಪರನ್ನೇ ಮತ್ತೊಂದ್ ಸಲ ಓದೋದು ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

"ಕರೆಂಟ್ ಇಲ್ವಾ?" ಅಂದೆ.

"ಇದೆ," ಅಂದ್ಲು ಅಮ್ಮ. ಆಮೇಲೆ ಅಡುಗೆಮನೆಗೆ ಕರ್ಕೊಂಡು ಹೋಗಿ ದನಿ ತಗ್ಗಿಸಿದಳು. "ಟಿವಿ ಬರ್ದೇ ಒಂಬತ್ತು ದಿನ ಆಯ್ತು ಕಣೇ. ನಿಂಗೆ ಹೇಳ್ಬೇಡ ಅಂದ್ರು. ಅವಳಿಗೆ ಆಫೀಸಲ್ಲೇ ನೂರೆಂಟು ತಲೆನೋವು ಇರುತ್ತೆ, ಇದೊಂದು ಯಾಕೆ ಅಂತ."

ಸೀರೆ ತೆಗೆದು ಟಿವಿ ಹಾಕಿದೆ. ಕಪ್ಪು ಪರದೆ ಮೇಲೆ 'ನೋ ಸಿಗ್ನಲ್' ಅಂತ ಒಂದು ಪುಟ್ಟ ಡಬ್ಬಿ ಆ ಮೂಲೆಯಿಂದ ಈ ಮೂಲೆಗೆ ಓಡಾಡ್ತಿತ್ತು. ಯಾವಾಗಲೋ ಯಾರದೋ ಬೆರಳು ತಾಗಿ ಟಿವಿಯ ಸೋರ್ಸ್ ಬದಲಾಗಿತ್ತು. ಎಚ್‌ಡಿಎಂಐ 1ರಲ್ಲಿ ಸೆಟ್‌ಟಾಪ್ ಬಾಕ್ಸ್ ಇದೆ, ಟಿವಿ ಮಾತ್ರ ಏನೂ ಚುಚ್ಚದ ಎಚ್‌ಡಿಎಂಐ 3ನ್ನು ನೋಡ್ಕೊಂಡು ಕೂತಿದೆ. ಟಿವಿ ರಿಮೋಟ್ ತಗೊಂಡು ಗುಂಡಿ ಒತ್ತಿದೆ. ನಾಲ್ಕು ಸೆಕೆಂಡಲ್ಲಿ ಚಂದನ ವಾಹಿನಿ ಬಂತು.

ಹಿಂದೆ ನಿಂತಿದ್ದ ಅಪ್ಪ "ಅಷ್ಟೇನಾ?" ಅಂದ್ರು.

ಆಗ ನಾನು ಏನಂದೆ ಅನ್ನೋದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ. "ಎಷ್ಟು ಸಲ ಹೇಳ್ಕೊಟ್ಟಿದ್ದೀನಪ್ಪಾ! ಪೇಪರಲ್ಲಿ ಬರೆದು ಅಂಟಿಸಿದ್ದೀನಲ್ಲ!" ಅಂದೆ. ಹೌದು, ಬರೆದು ಅಂಟಿಸಿದ್ದೆ. ಟಿವಿ ಪಕ್ಕದ ಗೋಡೆ ಮೇಲೆ, ಲ್ಯಾಮಿನೇಟ್ ಮಾಡಿಸಿ, ಹನ್ನೊಂದು ಹಂತ. 'ಮೊದಲು ಉದ್ದ ರಿಮೋಟಿನ ಕೆಂಪು ಗುಂಡಿ. ಆಮೇಲೆ ಕಪ್ಪು ರಿಮೋಟಿನ ಮೇಲಿನ ಗುಂಡಿ. ದೀಪ ಹಸಿರಾಗುವವರೆಗೆ ಕಾಯಿರಿ.' ಹೀಗೆ. ಅಪ್ಪ ಏನೂ ಮಾತಾಡ್ಲಿಲ್ಲ. ಎದ್ದು ಹೋಗಿ ಮಾರನೇ ದಿನದ ಪೂಜೆಗೆ ತಮ್ಮ ಸ್ಪ್ಯಾನರ್ ಸೆಟ್ ಒರೆಸೋಕೆ ಶುರು ಮಾಡಿದ್ರು.

ನಮ್ಮಪ್ಪ ಸಾರಿಗೆ ಸಂಸ್ಥೆ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಬಸ್ಸು ಗೇಟಿನೊಳಗೆ ಬರ್ತಿದ್ದ ಹಾಗೇ ಶಬ್ದ ಕೇಳಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಿದ್ದ ಮನುಷ್ಯ. ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲೆ ಹರವಿ ಮತ್ತೆ ಜೋಡಿಸಿ ಸಂಜೆಗೆ ಬಸ್ಸನ್ನ ರೂಟಿಗೆ ಬಿಡ್ತಿದ್ದವರು. ಆ ಮನುಷ್ಯ ಒಂದು ಟಿವಿ ಎದುರು ಒಂಬತ್ತು ದಿನ ಸೋತು ಕೂತಿದ್ದಾರೆ ಅಂದ್ರೆ ತಪ್ಪು ಯಾರದು? 'ವಯಸ್ಸಾಯ್ತು, ಟೆಕ್ನಾಲಜಿ ಅರ್ಥ ಆಗಲ್ಲ' ಅಂತ ನಾವು ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ! ಅವರಿಗೆ ಯಂತ್ರ ಅರ್ಥ ಆಗಲ್ಲ ಅನ್ನೋದು ಸುಳ್ಳು. ನಾವು ಕಟ್ಟಿ ಕೊಟ್ಟಿರೋ ಯಂತ್ರ ಕೆಟ್ಟದಾಗಿದೆ. ಈ ಲೇಖನದ ತಕರಾರು ಇಷ್ಟೇ.

ಸ್ವಲ್ಪ ಲೆಕ್ಕ ಹಾಕೋಣ. ನಮ್ಮನೇಲಿ ಇರೋದು ಟಿವಿ, ಸೆಟ್‌ಟಾಪ್ ಬಾಕ್ಸು, ನಾನು ಮೊದಲ ಬೋನಸ್ಸಲ್ಲಿ ತಂದುಕೊಟ್ಟ ಸೌಂಡ್‌ಬಾರು, ಮತ್ತೆ ನಾನು ಹೋದಾಗ ಸಿನಿಮಾ ನೋಡೋಕೆ ಅಂತ ಟಿವಿ ಹಿಂದೆ ಚುಚ್ಚಿದ ಒಂದು ಸ್ಟ್ರೀಮಿಂಗ್ ಸ್ಟಿಕ್ಕು. ನಾಲ್ಕು ಸಾಧನ, ನಾಲ್ಕು ರಿಮೋಟು. ಸ್ಟಿಕ್ಕನ್ನು ಬಿಟ್ಟೇಬಿಡಿ. ಉಳಿದ ಮೂರೂ ಆನ್ ಇರಬಹುದು ಅಥವಾ ಆಫ್ ಇರಬಹುದು. ಅಂದ್ರೆ ಎಂಟು ಸಾಧ್ಯತೆ. ಟಿವಿಗೆ ಐದು ಸೋರ್ಸ್ ಇದೆ ಅಂದ್ಕೊಳ್ಳಿ, ಎಂಟೈದ್ಲ ನಲವತ್ತು. ಈ ನಲವತ್ತರಲ್ಲಿ ನ್ಯೂಸ್ ಕಾಣಿಸಿ, ಸೌಂಡ್‌ಬಾರಿನಲ್ಲಿ ಕೇಳಿಸೋದು ಒಂದೇ ಒಂದರಲ್ಲಿ. ಬಾಕಿ ಮೂವತ್ತೊಂಬತ್ತರಲ್ಲಿ ಏನಾದರೊಂದು ಕೊಕ್ಕೆ ಇದ್ದೇ ಇರುತ್ತೆ. ಈಗ ಎಲ್ಲಿದ್ದೀವಿ, ಅಲ್ಲಿಂದ ಸರಿದಾರಿಗೆ ಬರೋಕೆ ಯಾವ ರಿಮೋಟಿನ ಯಾವ ಗುಂಡಿ ಅಂತ ಪರದೆ ಹೇಳಲ್ಲ. ಅದು ಹೇಳೋದು 'ನೋ ಸಿಗ್ನಲ್' ಅಂತ ಮಾತ್ರ, ಅದೂ ಇಂಗ್ಲಿಷಲ್ಲಿ.

"ಇದಕ್ಕೇ ಅಲ್ವಾ ಯೂನಿವರ್ಸಲ್ ರಿಮೋಟ್ ಇರೋದು?" ಅಂತ ನೀವು ಕೇಳ್ತೀರಿ. ಹೌದು, ಅದಕ್ಕೇ ಇರೋದು. ಆದರೆ ಅದನ್ನ ನಮ್ಮ ಕೈಯಿಂದ ಮೆಲ್ಲಗೆ ಕಿತ್ಕೊಳ್ತಾ ಇದ್ದಾರೆ. ಅದು ಹೇಗೆ ಅಂತ ಗೊತ್ತಾಗಬೇಕಾದ್ರೆ ರಿಮೋಟು ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ನೋಡಬೇಕು.

ಅಮೆರಿಕದ ಝೆನಿತ್ ಕಂಪನಿ 1950ರಲ್ಲಿ ಮಾರಿದ ಟಿವಿ ರಿಮೋಟಿಗೆ ವೈರಿತ್ತು. ಅದರ ಹೆಸರು 'ಲೇಝಿ ಬೋನ್ಸ್', ನಮ್ಮ ಭಾಷೇಲಿ ಹೇಳೋದಾದ್ರೆ ಸೋಮಾರಿ. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ವೈರಿಲ್ಲದ ರಿಮೋಟ್ ಮಾಡಿದರು. ಬೆಳಕಿನ ಪಿಸ್ತೂಲಿನ ಥರ, ಪರದೆಯ ಮೂಲೆಗಳಿಗೆ ಗುರಿಯಿಟ್ಟು ಹೊಡೀಬೇಕು. ಬಿಸಿಲು ಬಿದ್ದರೂ ಟಿವಿ ತಾನೇ ಚಾನೆಲ್ ಬದಲಿಸಿಕೊಳ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ಅವರ ಅಲ್ಟ್ರಾಸೌಂಡ್ ರಿಮೋಟ್ ಬಂತು. ಅದಕ್ಕೆ ಬ್ಯಾಟರಿಯೂ ಬೇಡ. ಆಮೇಲೆ ಬಂದದ್ದೇ ನಾವೆಲ್ಲ ಪ್ಲಾಸ್ಟಿಕ್ ಕವರ್ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ನಡೀದಿದ್ರೆ ಅಂಗೈಗೆ ಕುಟ್ಟಿ, ಸೆಲ್ಲು ತಿರುಗಿಸಿ ತಿರುಗಿಸಿ ಬಾಳಿಸಿದ ಇನ್‌ಫ್ರಾರೆಡ್ ರಿಮೋಟು.

ಇನ್‌ಫ್ರಾರೆಡ್ ಅಂದ್ರೆ ಕಣ್ಣಿಗೆ ಕಾಣದ ಬೆಳಕು. ನಂಬಿಕೆ ಇಲ್ಲದಿದ್ರೆ ಫೋನಿನ ಸೆಲ್ಫಿ ಕ್ಯಾಮೆರಾ ಎದುರು ರಿಮೋಟ್ ಹಿಡಿದು ಗುಂಡಿ ಒತ್ತಿ, ತುದಿಯಲ್ಲಿ ನೇರಳೆ ಬಣ್ಣದ ಮಿಣುಕು ಕಾಣುತ್ತೆ. ಬಹಳಷ್ಟು ರಿಮೋಟುಗಳಲ್ಲಿ ಆ ಬೆಳಕು ಸೆಕೆಂಡಿಗೆ 38 ಸಾವಿರ ಸಲ ಮಿಡಿಯುತ್ತೆ. ಕೋಣೆಯ ಬೇರೆ ಬೆಳಕಿನ ನಡುವೆ ಟಿವಿ ತನ್ನ ರಿಮೋಟನ್ನು ಗುರುತಿಸೋದೇ ಹಾಗೆ. ಆ ಮಿಡಿತವನ್ನ ಬಿಟ್ಟು ಬಿಟ್ಟು ಕಳಿಸಿದ್ರೆ ಅದೇ ಸಂದೇಶ. ತುಂಬಾ ಬಳಕೆಯಲ್ಲಿರೋ ಎನ್‌ಇಸಿ ಪದ್ಧತಿಯಲ್ಲಿ ಒಂದು ಸಂದೇಶ 32 ಬಿಟ್. ಯಾವ ಸಾಧನಕ್ಕೆ ಅನ್ನೋ ವಿಳಾಸ, ಏನು ಮಾಡಬೇಕು ಅನ್ನೋ ಆಜ್ಞೆ, ತಪ್ಪಾಗದಿರಲಿ ಅಂತ ಎರಡನ್ನೂ ಉಲ್ಟಾ ಮಾಡಿ ಇನ್ನೊಂದು ಸಲ. ಮುಗೀತು. ಪಾಸ್‌ವರ್ಡ್ ಇಲ್ಲ, ಲಾಗಿನ್ ಇಲ್ಲ, ಒಟಿಪಿ ಇಲ್ಲ.

ಇದರ ಸೊಗಸು ಇರೋದೇ ಇಲ್ಲಿ. ಬೆಳಕು ಯಾರ ಕೈಯಿಂದ ಬಂತು ಅಂತ ಟಿವಿ ಕೇಳಲ್ಲ. ಮಿಡಿತ ಸರಿಯಿದ್ರೆ ಸಾಕು. ಹಾಗಾಗಿ ಒಂದು ರಿಮೋಟನ್ನ ಇನ್ನೊಂದರ ಎದುರು ಹಿಡಿದು 'ಇದನ್ನ ಕಲ್ತ್ಕೋ' ಅಂದ್ರೆ ಅದು ಕಲಿಯುತ್ತೆ. ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅಲ್ಲಿಂದ ಹೊರಬಂದ ಮೇಲೆ ಮಾಡಿದ್ದೇ ಇಂಥ ರಿಮೋಟು. ಅವರ ಸಿಎಲ್ 9 ಕಂಪನಿ 1987ರಲ್ಲಿ 'ಕೋರ್' ಅನ್ನೋ ಕಲಿಯುವ ರಿಮೋಟನ್ನ ಮಾರುಕಟ್ಟೆಗೆ ತಂತು. ಪರ್ಸನಲ್ ಕಂಪ್ಯೂಟರ್ ಮಾಡಿದ ತಲೆಗೇ ಈ ಸಮಸ್ಯೆ ಕೈ ಹಾಕೋವಷ್ಟು ದೊಡ್ಡದು ಅನ್ನಿಸಿತ್ತು. ಸುಮಾರು ನಲವತ್ತು ವರ್ಷ ಆಗ್ತಾ ಬಂತು. ನಮ್ಮಪ್ಪನ ಮುಂದೆ ಇನ್ನೂ ನಾಲ್ಕು ರಿಮೋಟ್ ಇದೆ.

ಯಾಕೆ? ಯೂನಿವರ್ಸಲ್ ರಿಮೋಟ್‌ಗಳೇನೂ ಪರಿಪೂರ್ಣ ಆಗಿರಲಿಲ್ಲ, ಒಪ್ತೀನಿ. ಇನ್‌ಫ್ರಾರೆಡ್ ಒನ್ ವೇ. ರಿಮೋಟು ಕೂಗಿ ಹೇಳುತ್ತೆ, ಟಿವಿ ಕೇಳಿಸ್ಕೊಂಡಿತೋ ಇಲ್ವೋ ಅಂತ ಅದಕ್ಕೆ ಗೊತ್ತಾಗಲ್ಲ. ಇದರ ಜೊತೆಗೆ ಆನ್‌ಗೂ ಆಫ್‌ಗೂ ಒಂದೇ ಗುಂಡಿ. ಮೂರು ಸಾಧನಕ್ಕೂ ಒಟ್ಟಿಗೆ 'ಪವರ್' ಕಳಿಸಿದ್ರೆ ಆಫ್ ಇದ್ದ ಎರಡು ಆನ್ ಆಗುತ್ತೆ, ಆನ್ ಇದ್ದ ಮೂರನೆಯದು ಆಫ್ ಆಗುತ್ತೆ. ಅಪ್ಪನ ಕಥೆ ಶುರುವಾಗೋದೇ ಇಲ್ಲಿಂದ.

ಇದಕ್ಕೆ ಮದ್ದು ಇಲ್ವಾ ಅಂದ್ರೆ ಇದೆ. 'ಆನ್ ಆಗು' ಅಂತ ಒಂದು ಕೋಡು, 'ಆಫ್ ಆಗು' ಅಂತ ಬೇರೆ ಕೋಡು, 'ಎಚ್‌ಡಿಎಂಐ 1ಕ್ಕೆ ಬಾ' ಅಂತ ಮತ್ತೊಂದು. ಈಗಾಗ್ಲೇ ಆನ್ ಇದ್ರೆ 'ಆನ್ ಆಗು' ಅಂದಾಗ ಸುಮ್ಮನಿರಬೇಕು, ಅಷ್ಟೇ. ಇಂಥ ಪ್ರತ್ಯೇಕ ಕೋಡುಗಳನ್ನ ಅರ್ಥ ಮಾಡಿಕೊಳ್ಳೋ ಟಿವಿಗಳು ಇವೆ. ತಮಾಷೆ ಏನಂದ್ರೆ ಎಷ್ಟೋ ಸಲ ಟಿವಿಗೆ ಅದು ಗೊತ್ತಿರುತ್ತೆ, ಅದರ ಜೊತೆ ಕೊಟ್ಟ ರಿಮೋಟಲ್ಲಿ ಆ ಗುಂಡಿ ಇರಲ್ಲ. ಗುಂಡಿ ಇಲ್ಲದಿದ್ರೆ ಕಲಿಯುವ ರಿಮೋಟು ಕಲಿಯೋದು ಯಾರಿಂದ?

ಹಾಗಾದ್ರೆ ಗುಂಡಿಗೆ ಜಾಗ ಇರಲಿಲ್ವಾ? ನಿಮ್ಮನೆ ಸ್ಮಾರ್ಟ್ ಟಿವಿ ರಿಮೋಟ್ ಒಂದ್ಸಲ ಕೈಗೆ ತಗೊಳ್ಳಿ. ನೆಟ್‌ಫ್ಲಿಕ್ಸ್‌ಗೆ ಒಂದು ಗುಂಡಿ, ಪ್ರೈಮ್ ವಿಡಿಯೋಗೆ ಒಂದು, ಯೂಟ್ಯೂಬ್‌ಗೆ ಒಂದು, ಇನ್ಯಾವುದೋ ಆಪಿಗೆ ಒಂದು. ಅಪ್ಪ ಇದರಲ್ಲಿ ಒಂದಕ್ಕೂ ಚಂದಾ ಕಟ್ಟಿಲ್ಲ. ಅವರ ಹೆಬ್ಬೆರಳು ತಪ್ಪಿ ತಾಗಿದ್ರೆ ಸಾಕು, ಟಿವಿ ಎಲ್ಲಿಗೋ ಹೋಗಿ 'ಸೈನ್ ಇನ್' ಅನ್ನುತ್ತೆ. ಆ ಗುಂಡಿಗಳು ನಿಮ್ಮ ಅನುಕೂಲಕ್ಕೆ ಅಂತ ಇರೋದಲ್ಲ. ನಮ್ಮ ಸರ್ಕಲ್‌ಗಳಲ್ಲಿ ನಿಲ್ಲಿಸ್ತಾರಲ್ಲ, ಆ ಹೋರ್ಡಿಂಗ್‌ಗಳ ಥರದವು. ನಾನು ದುಡ್ಡು ಕೊಟ್ಟು ತಂದ ರಿಮೋಟಿನ ಮೇಲೆ ಯಾರದೋ ಜಾಹೀರಾತು. 'ನ್ಯೂಸ್ ಹಾಕು' ಅನ್ನೋ ಒಂದು ಗುಂಡಿಗೆ ಮಾತ್ರ ಜಾಗ ಇಲ್ಲ.

ಸಾಧನಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ, ರಿಮೋಟಿನ ಹಂಗೇ ಬೇಡ ಅನ್ನೋ ಯೋಚನೆಯೂ ಹಳೇದು. ಎಚ್‌ಡಿಎಂಐ ಕೇಬಲ್ಲಿನೊಳಗೇ ಸಿಇಸಿ ಅನ್ನೋ ಒಂದು ದಾರಿ ಇದೆ, 2002ರ ಮೊದಲ ಎಚ್‌ಡಿಎಂಐ ನಿಯಮಾವಳಿಯ ಕಾಲದಿಂದ. ಬಾಕ್ಸು ಆನ್ ಆದ್ರೆ ಟಿವಿಯೂ ಆನ್ ಆಗಿ ಸರಿಯಾದ ಸೋರ್ಸಿಗೆ ತಾನೇ ಬರಬಹುದು, ಟಿವಿ ರಿಮೋಟೇ ಸೌಂಡ್‌ಬಾರಿನ ವಾಲ್ಯೂಮ್ ಏರಿಸಬಹುದು. ಆದ್ರೆ ಅದನ್ನ ಕೊಡಲೇಬೇಕು ಅಂತ ಕಡ್ಡಾಯ ಇಲ್ಲ. ಕೊಟ್ಟವರೂ ಒಂದೊಂದು ಹೆಸರಿಟ್ಟರು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಪ್ಯಾನಸೋನಿಕ್‌ನಲ್ಲಿ ವಿಯೆರಾ ಲಿಂಕ್. ಊರಿಗೆಲ್ಲ ಸೇರಿದ ಬಾವಿಗೆ ಒಬ್ಬೊಬ್ಬರೂ ತಮ್ಮ ಮನೆತನದ ಹೆಸರಿನ ಬೋರ್ಡು ಹಾಕಿದ ಹಾಗೆ. ಬೇರೆ ಬೇರೆ ಕಂಪನಿಯ ಸಾಧನ ಜೋಡಿಸಿದಾಗ ಅರ್ಧ ನಡೆಯುತ್ತೆ, ಇನ್ನರ್ಧ ದೇವರ ಇಚ್ಛೆ.

ಈ ಗೊಂದಲವನ್ನ ನಿಜವಾಗಿ ಬಿಡಿಸೋಕೆ ಹೊರಟ ರಿಮೋಟು ಅಂದ್ರೆ ಲಾಜಿಟೆಕ್‌ನ ಹಾರ್ಮನಿ. 'ಟಿವಿ ನೋಡು' ಅಂತ ಒಂದೇ ಗುಂಡಿ ಒತ್ತಿದ್ರೆ ಯಾವುದು ಆನ್ ಆಗಬೇಕು, ಯಾವ ಸೋರ್ಸ್ ಬರಬೇಕು ಅಂತ ಅದೇ ನೆನಪಿಟ್ಕೊಂಡು ಮಾಡ್ತಿತ್ತು. 2021ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. ಹಳೇ ಗ್ರಾಹಕರಿಗೆ ಸಪೋರ್ಟ್ ಇರುತ್ತೆ ಅಂತೇನೋ ಹೇಳಿತು. ಹೊಸಬರಿಗೆ ಬಾಗಿಲು ಮುಚ್ಚಿತು. ಫೋನುಗಳಲ್ಲೂ ಇದೇ ಕಥೆ. 2013ರ ಗ್ಯಾಲಕ್ಸಿ ಎಸ್ 4ರಲ್ಲಿ ಇನ್‌ಫ್ರಾರೆಡ್ ಇತ್ತು, ಟಿವಿ ರಿಮೋಟ್ ಕಳೆದುಹೋದ್ರೆ ಫೋನೇ ರಿಮೋಟು. 2016ರ ಎಸ್ 7 ಬರೋ ಹೊತ್ತಿಗೆ ಮಾಯ. ಶಿಯೋಮಿಯಂಥ ಒಂದೆರಡು ಕಂಪನಿಗಳು ಇವತ್ತಿಗೂ ಎಷ್ಟೋ ಫೋನುಗಳಲ್ಲಿ ಅದನ್ನ ಉಳಿಸಿಕೊಂಡಿವೆ. ಅವರ ಬಗ್ಗೆ ನಮಗೆ ಬೇರೆ ಏನೇ ತಕರಾರಿರಲಿ, ಇದೊಂದಕ್ಕೆ ಶಭಾಷ್ ಅನ್ನಲೇಬೇಕು.

ಮತ್ತೆ ಅಪ್ಪನ ಕಥೆಗೆ ಬರ್ತೀನಿ. ಆಯುಧ ಪೂಜೆ ಮುಗಿಸಿ, ಮಾರನೇ ದಿನ ಅಪ್ಪನ ಜೊತೆ ಕೂತು ಜಂಬೂ ಸವಾರಿ ನೋಡಿ ಬೆಂಗಳೂರಿಗೆ ವಾಪಸ್ ಬಂದೆ. ಮನಸ್ಸಲ್ಲಿ 'ಅಷ್ಟೇನಾ?' ಅನ್ನೋದು ಕೊರೀತಾನೇ ಇತ್ತು. ಒಂದು ಶನಿವಾರ ಎಸ್‌.ಪಿ. ರೋಡಿಗೆ ಹೋಗಿ ಕಲಿಯುವ ರಿಮೋಟೊಂದನ್ನ ತಗೊಂಡೆ. ಮಸಾಲೆ ದೋಸೆ, ಕಾಫಿ, ಹೋಗಿ ಬರೋ ಆಟೋ ಎಲ್ಲ ಸೇರಿಸಿದ್ರೆ ರಿಮೋಟಿಗಿಂತ ಜಾಸ್ತಿ ಖರ್ಚಾಯ್ತು, ಅಷ್ಟು ಅಗ್ಗ.

ದೀಪಾವಳಿಗೆ ಹೋದಾಗ ಊಟದ ಟೇಬಲ್ ಮೇಲೆ ಹಳೇ ರಿಮೋಟು, ಹೊಸ ರಿಮೋಟು ಎದುರುಬದುರು ಇಟ್ಟು ಪಾಠ ಶುರು ಮಾಡಿದೆ. ಅಪ್ಪ ಪಕ್ಕದಲ್ಲೇ ಕೂತು ನೋಡಿದ್ರು. ಎರಡನೇ ಗುಂಡಿಗೇ "ತತ್ತಾ ಇಲ್ಲಿ" ಅಂತ ಕಿತ್ಕೊಂಡ್ರು. ಉಳಿದದ್ದನ್ನೆಲ್ಲ ಅವರೇ ಕಲಿಸಿದ್ರು. ಟಿವಿ ಪವರ್, ಬಾಕ್ಸ್ ಪವರ್, ಸೌಂಡ್‌ಬಾರ್ ವಾಲ್ಯೂಮ್ ಮೇಲೆ ಕೆಳಗೆ, ಚಾನೆಲ್ ಮೇಲೆ ಕೆಳಗೆ, ಕೊನೆಗೆ ಸೋರ್ಸ್. ಒಟ್ಟು ಏಳು. ಬೇಡದ ಗುಂಡಿಗಳ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ರು. ಸೋರ್ಸ್ ಗುಂಡಿ ಮೇಲೆ ಅಮ್ಮನ ನೇಲ್ ಪಾಲಿಶ್‌ನ ಒಂದು ಚುಕ್ಕೆ. ಮೂರು ಹಳೇ ರಿಮೋಟುಗಳು ಬೀರು ಸೇರಿದವು. ಗೋಡೆ ಮೇಲಿನ ಹನ್ನೊಂದು ಹಂತದ ಬೋರ್ಡನ್ನ ಅವರೇ ಕಿತ್ತು ನನ್ನ ಕೈಗೆ ಕೊಟ್ಟರು. "ಇಟ್ಕೋ, ನಿಮ್ಮ ಆಫೀಸಲ್ಲಿ ಅಂಟಿಸು" ಅಂದ್ರು.

ನೋಡಿ, ಟೆಕ್ನಾಲಜಿ ಅರ್ಥ ಆಗದ ಮನುಷ್ಯ!

ಎರಡೂವರೆ ತಿಂಗಳು ನೆಮ್ಮದಿ. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಸೆಟ್‌ಟಾಪ್ ಬಾಕ್ಸ್ ಕೈಕೊಡ್ತು. ಕಂಪನಿಯ ಹುಡುಗ ಬಂದು 'ಅಪ್‌ಗ್ರೇಡ್' ಅಂತ ಹೊಸ ಬಾಕ್ಸ್ ಕೂರಿಸಿ ಹೋದ. ಅದರ ರಿಮೋಟು ಬ್ಲೂಟೂತು. ಹೊಸ ಬಾಕ್ಸಿಗೆ ಇನ್‌ಫ್ರಾರೆಡ್ ಕಣ್ಣೇ ಇಲ್ಲ. ಅಪ್ಪ ಕೈಯಾರೆ ಕಲಿಸಿದ ರಿಮೋಟು ಒಂದೇ ಮಧ್ಯಾಹ್ನದಲ್ಲಿ ಅರ್ಧ ಮೂಕವಾಯ್ತು. ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. "ಮೇಡಂ, ಈ ಬಾಕ್ಸಿಗೆ ನಮ್ಮ ರಿಮೋಟ್ ಮಾತ್ರ ಪೇರ್ ಆಗೋದು. ಅಥವಾ ಅಂಕಲ್ ಫೋನಿಗೆ ನಮ್ಮ ಆಪ್ ಹಾಕ್ಕೊಡಿ" ಅಂದ ಆ ಕಡೆಯ ಹುಡುಗ. ಪಾಪ, ಅವನದೇನೂ ತಪ್ಪಿಲ್ಲ. ಎದುರಿಗೆ ಬರೆದಿಟ್ಟಿದ್ದನ್ನ ಓದ್ತಿದ್ದ.

ಇದನ್ನ ಅಪ್ಪನಿಗೆ ಹೇಳಿದಾಗ ಅವರು ಒಂದು ಮಾತು ಹೇಳಿದ್ರು: "ಡಿಪೋದಲ್ಲಿ ಟಾಟಾ ಗಾಡಿನೂ ಇತ್ತು, ಲೇಲ್ಯಾಂಡ್ ಗಾಡಿನೂ ಇತ್ತು. 13ರ ಸ್ಪ್ಯಾನರ್ ಎರಡಕ್ಕೂ ಆಗ್ತಿತ್ತು. ನಟ್ಟು ಬಿಚ್ಚೋಕೆ ಆಪ್ ಹಾಕ್ಕೊಳ್ಳಿ ಅಂದಿದ್ರೆ ಒಂದು ಬಸ್ಸೂ ಗೇಟ್ ದಾಟ್ತಿರಲಿಲ್ಲ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. 8 ಮಿಲಿಮೀಟರ್ ಬೋಲ್ಟಿನ ತಲೆ 13 ಮಿಲಿಮೀಟರ್ ಅಂತ ಇದೆಯಲ್ಲ, ಅದು ಒಂದು ಕಂಪನಿಯ ಔದಾರ್ಯ ಅಲ್ಲ, ಎಲ್ಲರೂ ಒಪ್ಪಿಕೊಂಡ ಅಳತೆ. ಆ ಒಪ್ಪಂದ ಇರೋದ್ರಿಂದಲೇ ರಸ್ತೆ ಬದಿಯ ಗ್ಯಾರೇಜಿನ ಹುಡುಗನೂ ನಿಮ್ಮ ಗಾಡಿ ರಿಪೇರಿ ಮಾಡ್ತಾನೆ. ಇನ್‌ಫ್ರಾರೆಡ್‌ನಲ್ಲಿ ಪ್ರತಿ ಕಂಪನಿಯ ಕೋಡು ಬೇರೆ ಇದ್ರೂ ಬಾಗಿಲು ತೆರೆದಿತ್ತು, ಯಾರು ಬೇಕಾದ್ರೂ ಕಲೀಬಹುದಿತ್ತು. ಈಗ ಬಾಗಿಲಿಗೇ ಬೀಗ.

ಬ್ಲೂಟೂತ್ ಪರ ವಕಾಲತ್ತು ಮಾಡೋರು ಇದ್ದಾರೆ ಅಂತ ಗೊತ್ತು, ಅವರಲ್ಲಿ ಕೆಲವರು ನನ್ನ ಪಕ್ಕದ ಸೀಟಲ್ಲೇ ಕೂರ್ತಾರೆ. ಅವರ ಮಾತಲ್ಲೂ ನಿಜ ಇದೆ. ಟಿವಿ ಹಿಂದೆ ಅಡಗಿ ಕೂರೋ ಸ್ಟಿಕ್ಕಿಗೆ ಬೆಳಕು ತಲುಪಲ್ಲ. ಬ್ಲೂಟೂತ್ ಆದ್ರೆ ಗುರಿಯಿಟ್ಟು ಹಿಡೀಬೇಕಿಲ್ಲ, ಮಾತಾಡಿ ಹುಡುಕಬಹುದು. ಎಲ್ಲ ಸರಿ. ಆದ್ರೆ ಬ್ಲೂಟೂತ್ ಅಂದ ಮಾತ್ರಕ್ಕೆ ಬೀಗ ಹಾಕಲೇಬೇಕು ಅಂತ ಎಲ್ಲಿದೆ? ನಿಮ್ಮ ಬ್ಲೂಟೂತ್ ಮೌಸು ಯಾವ ಕಂಪನಿಯ ಲ್ಯಾಪ್‌ಟಾಪಿಗಾದ್ರೂ ಪೇರ್ ಆಗುತ್ತೆ. ಕೀಬೋರ್ಡ್ ಆಗುತ್ತೆ. ಅದಕ್ಕೆ ಎಲ್ಲರೂ ಒಪ್ಪಿದ ಒಂದು ಪ್ರೊಫೈಲ್ ಇದೆ. ಮೌಸಿಗೆ ಸಾಧ್ಯ ಆದದ್ದು ಏಳು ಗುಂಡಿಯ ರಿಮೋಟಿಗೆ ಯಾಕೆ ಆಗಲ್ಲ? ಆಗುತ್ತೆ. 'ಬೇರೆ ರಿಮೋಟ್ ಸೇರಿಸು' ಅಂತ ಮೆನುವಿನಲ್ಲಿ ಒಂದು ಸಾಲು ಇಟ್ಟರೆ ಸಾಕು. ಆ ಸಾಲು ಬೇಡ ಅಂತ ಯಾವುದೋ ಮೀಟಿಂಗಿನಲ್ಲಿ ಯಾರೋ ತೀರ್ಮಾನ ಮಾಡಿದ್ದಾರೆ.

'ಆಪ್ ಇದೆಯಲ್ಲ' ಅಂತೀರಾ? ಅಪ್ಪನ ಫೋನಿಗೆ ಅಪ್ಪ ಆಪ್ ಹಾಕ್ಕೊಂಡ್ರು ಅಂತಲೇ ಇಟ್ಕೊಳ್ಳಿ. ಅವರು ಫೋನ್ ಜೇಬಲ್ಲಿಟ್ಕೊಂಡು ಸಂತೆಗೆ ಹೋದ್ರೆ ಅಮ್ಮ ಧಾರಾವಾಹಿ ನೋಡೋದು ಹೇಗೆ? ರಿಮೋಟು ಮನೆಯ ವಸ್ತು, ಸೋಫಾ ಮೇಲೆ ಬಿದ್ದಿರುತ್ತೆ, ಯಾರು ಬೇಕಾದ್ರೂ ತಗೋಬಹುದು. ಫೋನು ಒಬ್ಬರ ವಸ್ತು, ಲಾಕ್ ಇರುತ್ತೆ. ಟಿವಿಯನ್ನ ಫೋನಿಗೆ ಕಟ್ಟಿ ಹಾಕಿದ್ರೆ ಮನೆಯಲ್ಲಿ ಒಳ್ಳೇ ಫೋನ್ ಯಾರ ಹತ್ರ ಇದೆಯೋ ಅವರದೇ ದರ್ಬಾರು. ನಮ್ಮ ಮನೆಗಳಲ್ಲಿ ಅದು ಅಮ್ಮಂದಿರ ಹತ್ರ ಇರೋದು ಎಷ್ಟು ಅಂತ ನೀವೇ ಹೇಳಿ.

'ಮಾತಾಡಿದ್ರೆ ಕೇಳುತ್ತೆ' ಅನ್ನೋ ಇನ್ನೊಂದು ವಾದ. ಕೇಳುತ್ತೆ, ಇಂಟರ್ನೆಟ್ ಇದ್ದಾಗ. ನಮ್ಮಮ್ಮ ಹೊಸ ರಿಮೋಟಿನ ಮೈಕಿನ ಗುಂಡಿ ಒತ್ತಿ "ಚಂದನ ಹಾಕಪ್ಪ" ಅಂದಾಗ ಅದು ಚಂದನದ ಫೇಸ್‌ಪ್ಯಾಕ್ ಹಚ್ಚಿಕೊಳ್ಳೋ ವಿಡಿಯೋಗಳ ಸಾಲು ತೋರಿಸ್ತು. ಅಮ್ಮ ಅದನ್ನೂ ಖುಷಿಯಾಗೇ ನೋಡಿದ್ಲು, ಅದು ಬೇರೆ ಮಾತು.

ಇನ್ನು ನಾನು ನಿಜವಾಗಿ ಜಗಳ ಆಡಬೇಕಿರೋದು ನಮ್ಮ ಜೊತೆಗೇ. ಈ ಬಾಕ್ಸು, ಈ ಆಪು, ಈ ಮೆನು ಎಲ್ಲ ಆಕಾಶದಿಂದ ಉದುರಲ್ಲ. ಅದರಲ್ಲಿ ಎಷ್ಟನ್ನೋ ನಮ್ಮ ಬೆಂಗಳೂರಲ್ಲೇ, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೂತು ನಾವೇ ಮಾಡ್ತೀವಿ. ನಾನೂ ಡಿಸೈನರ್. 'ಯೂಸರ್ ನಮ್ಮಿಂದ ಆಚೆ ಹೋಗಬಾರದು' ಅನ್ನೋ ಸ್ಲೈಡ್ ಬಂದಾಗ ತಲೆ ಆಡಿಸಿದವರಲ್ಲಿ ನಾನೂ ಒಬ್ಬಳು. ಆ ಸ್ಲೈಡಿನಲ್ಲಿದ್ದ 'ಯೂಸರ್' ಜಗುಲಿ ಮೇಲೆ ಹಳೇ ಪೇಪರ್ ಓದ್ತಾ ಕೂತಿರೋ ನಮ್ಮಪ್ಪ ಅಂತ ಆಗ ಹೊಳೆದಿರಲಿಲ್ಲ. ನಮ್ಮ ಪರ್ಸೋನಾ ಪಟ್ಟಿಯಲ್ಲಿ ಅರವತ್ತೆಂಟು ವರ್ಷದ ಮೆಕ್ಯಾನಿಕ್ ಇರಲೇ ಇಲ್ಲ.

ಬದಲಾಗಲ್ಲ ಅಂತ ಕೈಚೆಲ್ಲಬೇಡಿ. ಒಂದೊಂದು ಫೋನಿಗೆ ಒಂದೊಂದು ಚಾರ್ಜರ್ ಇದ್ದ ಕಾಲ ನಮಗೇ ನೆನಪಿದೆ. ಯುರೋಪಿಯನ್ ಒಕ್ಕೂಟ ಕಾನೂನು ಮಾಡಿತು, 2024ರ ಕೊನೆಯಿಂದ ಅಲ್ಲಿ ಮಾರೋ ಹೊಸ ಫೋನುಗಳಿಗೆ ಯುಎಸ್‌ಬಿ-ಸಿ ಕಡ್ಡಾಯ. ಆಪಲ್ ಕೂಡ ಬಗ್ಗಿತು. ನಮ್ಮ ಟ್ರಾಯ್ ಕೂಡ 2020ರ ಏಪ್ರಿಲ್‌ನಲ್ಲಿ ಒಂದು ಒಳ್ಳೇ ಶಿಫಾರಸು ಮಾಡಿತ್ತು. ಕಂಪನಿ ಬದಲಾಯಿಸಿದ್ರೂ ಅದೇ ಸೆಟ್‌ಟಾಪ್ ಬಾಕ್ಸ್ ನಡೆಯೋ ಹಾಗಿರಬೇಕು ಅಂತ. ಅಂದ್ರೆ ಇದು ಜನರ ಹಕ್ಕಿನ ಪ್ರಶ್ನೆ ಅನ್ನೋದು ದೊಡ್ಡವರಿಗೂ ಗೊತ್ತಿದೆ. ಬಾಕ್ಸಿನ ಬಗ್ಗೆ ಕೇಳಬಹುದಾದ್ರೆ ರಿಮೋಟಿನ ಬಗ್ಗೆ ಯಾಕೆ ಕೇಳಬಾರದು?

ಕೇಳಬೇಕಾದ್ದು ಮೂರೇ. ಒಂದು, ಆನ್, ಆಫ್, ಪ್ರತಿ ಸೋರ್ಸ್ ಎಲ್ಲಕ್ಕೂ ಬೇರೆ ಬೇರೆ ಆಜ್ಞೆ ಇರಲಿ, ಆ ಕೋಡುಗಳ ಪಟ್ಟಿಯನ್ನ ಬಹಿರಂಗವಾಗಿ ಕೊಡಲಿ. ಎರಡು, ಬೆಳಕು ತಲುಪುವ ಕಡೆ ಇಡೋ ಸಾಧನಕ್ಕೆ ಇನ್‌ಫ್ರಾರೆಡ್ ಕಣ್ಣು ಇರಲಿ. ಮೂರು, ಬ್ಲೂಟೂತ್ ಇದ್ರೆ ಯಾವ ಕಂಪನಿಯ ರಿಮೋಟನ್ನಾದ್ರೂ ಪೇರ್ ಮಾಡೋಕೆ ಬಿಡಲಿ. ಇದರಲ್ಲಿ ಯಾವುದೂ ರಾಕೆಟ್ ಹಾರಿಸೋ ಕೆಲಸ ಅಲ್ಲ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಮುಂದಿನ ಸಲ ಟಿವಿನೋ ಬಾಕ್ಸೋ ತಗೊಳ್ಳೋವಾಗ 'ಎಷ್ಟು ಇಂಚು' ಅನ್ನೋದರ ಜೊತೆಗೆ 'ಐಆರ್ ಇದೆಯಾ' ಅಂತಲೂ ಕೇಳಿ. ಅಂಗಡಿಯವನು ಮುಖ ಮುಖ ನೋಡಬಹುದು, ನೋಡಲಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವರಿಗೆ ಉತ್ತರ ಇಟ್ಕೊಂಡಿರ್ತಾನೆ. ಈಗಾಗ್ಲೇ ಮನೇಲಿರೋ ಬಾಕ್ಸಿನ ರಿಮೋಟ್ ಒಂದ್ಸಲ ನೋಡಿ. ಡಿಟಿಎಚ್ ರಿಮೋಟುಗಳಲ್ಲಿ ಹಲವಕ್ಕೆ ಟಿವಿಯ ಪವರ್ ಮತ್ತು ವಾಲ್ಯೂಮ್ ಕಲಿಯೋ ಶಕ್ತಿ ಇರುತ್ತೆ, ನಾವು ಕಲಿಸಿರಲ್ಲ ಅಷ್ಟೇ. ಟಿವಿಯ ಸೆಟ್ಟಿಂಗ್ಸಿನಲ್ಲಿ ಆ ಸಿಇಸಿ ಯಾವ ಹೆಸರಲ್ಲಿ ಅಡಗಿದೆ ಅಂತ ಹುಡುಕಿ ಆನ್ ಮಾಡಿ. ಒಂದು ಭಾನುವಾರದ ಬೆಳಗ್ಗೆ ಸಾಕು.

ನಮ್ಮನೆ ಕಥೆ ಏನಾಯ್ತು ಅಂತೀರಾ? ಕಲಿತ ರಿಮೋಟು ಟಿವಿಗೆ, ಸೌಂಡ್‌ಬಾರಿಗೆ. ಕಂಪನಿ ರಿಮೋಟು ಬಾಕ್ಸಿಗೆ. ಎರಡನ್ನೂ ಅಪ್ಪ ಬೆನ್ನಿಗೆ ಬೆನ್ನು ಹಚ್ಚಿ ಅದೇ ಇನ್ಸುಲೇಷನ್ ಟೇಪಿನಲ್ಲಿ ಸುತ್ತಿಟ್ಟಿದ್ದಾರೆ. ಒಂದು ಮಗ್ಗುಲಿಗೆ ಟಿವಿ, ಹೊರಳಿಸಿದ್ರೆ ಬಾಕ್ಸು. "ಡಬಲ್ ಎಂಡ್ ಸ್ಪ್ಯಾನರ್" ಅಂತ ಹೆಸರಿಟ್ಟಿದ್ದಾರೆ. ಜುಗಾಡು ಅಂತ ನಕ್ಕು ಬಿಡಬಹುದು. ನನಗೆ ನಗು ಬರಲ್ಲ. ರಿಟೈರ್ ಆದ ಮೆಕ್ಯಾನಿಕ್ ಒಬ್ಬರು ಟೇಪ್ ಸುತ್ತಿ ಮುಚ್ಚಬೇಕಾಗಿ ಬಂದದ್ದು ನಮ್ಮ ಕೆಲಸದ ತೂತನ್ನ.

ಈ ವಾರ ಊರಿಗೆ ಫೋನ್ ಮಾಡ್ತೀರಲ್ಲ, 'ಊಟ ಆಯ್ತಾ' ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. 'ಟಿವಿ ಬರ್ತಿದೆಯಾ?' ಅಂತ. "ಹ್ಞೂಂ, ಬರುತ್ತೆ ಬಿಡು" ಅಂದ್ರೆ ನಂಬಬೇಡಿ. ಏನು ನೋಡಿದ್ರಿ ಅಂತ ಕೇಳಿ.